ವೈಮಾನಿಕ ಸಿಂಪರಣೆಯಲ್ಲಿ ಪಟ್ಟೆ, ತಗ್ಗಿದ ಹರಿವು, ತೊಟ್ಟಿಕ್ಕುವಿಕೆ: ದೋಷ ಪತ್ತೆ ಮತ್ತು ನಿವಾರಣೆ

ಡ್ರೋನ್ ಅಥವಾ ವಿಮಾನದಿಂದ ಔಷಧ ಸಿಂಪಡಿಸಿದ ಹೊಲದಲ್ಲಿ ದೋಷವು ಸಾಮಾನ್ಯವಾಗಿ ಕೆಲಸ ನಡೆದ ದಿನವೇ ಕಾಣಿಸುವುದಿಲ್ಲ. ಕಳೆನಾಶಕವಾಗಿದ್ದರೆ ಒಂದೆರಡು ವಾರಗಳ ನಂತರ ಹಸಿರು ಉಳಿದ ಗೆರೆಗಳಾಗಿ, ಶಿಲೀಂಧ್ರನಾಶಕವಾಗಿದ್ದರೆ ರೋಗ ಮುಂದುವರಿದ ಪಟ್ಟೆಗಳಾಗಿ ಅದು ಹೊರಬೀಳುತ್ತದೆ. ಅಷ್ಟರಲ್ಲಿ ಯಂತ್ರವನ್ನು ತೊಳೆದು, ನಾಜಲ್ ಬದಲಿಸಿ, ಬೇರೆ ಹೊಲಕ್ಕೆ ಒಯ್ದಿರುತ್ತಾರೆ. ದೂರು ಬಂದಾಗ ಯಂತ್ರದಲ್ಲಿ ಹಳೆಯ ಸಾಕ್ಷ್ಯ ಉಳಿದಿರುವುದಿಲ್ಲ. ಉಳಿದಿರುವುದು ಬೆಳೆಯ ಮೇಲೆ. ಹೀಗಾಗಿ ದೋಷ ಪತ್ತೆಯ ಕೆಲಸ ಹೊಲದಿಂದ ಆರಂಭವಾಗಬೇಕೇ ಹೊರತು ಸ್ಪ್ಯಾನರ್‌ನಿಂದಲ್ಲ ಎಂಬುದು ಈ ಬರಹದ ನಿಲುವು. ಪಟ್ಟೆಯ ದಿಕ್ಕು, ಅಗಲ ಮತ್ತು ಎಷ್ಟು ದೂರಕ್ಕೊಮ್ಮೆ ಅದು ಮರುಕಳಿಸುತ್ತದೆ ಎಂಬ ಮೂರು ಸಂಗತಿಗಳನ್ನು ಅಳೆದರೆ, ದೋಷ ನಾಜಲ್‌ನಲ್ಲಿದೆಯೇ, ಪಂಪಿನಲ್ಲಿದೆಯೇ, ಹಾರಾಟದ ಹೊಂದಾಣಿಕೆಯಲ್ಲಿದೆಯೇ ಅಥವಾ ಗಾಳಿಯಲ್ಲಿದೆಯೇ ಎಂಬುದು ಬಹುಪಾಲು ಸ್ಪಷ್ಟವಾಗುತ್ತದೆ.

ಮೊದಲು ಸುರಕ್ಷತೆ. ಡ್ರೋನ್ ಆದರೆ ಪಂಪ್ ಪರೀಕ್ಷೆಗೆ ವಿದ್ಯುತ್ ಬೇಕಾದ ಹೊತ್ತು ಹೊರತುಪಡಿಸಿ ಉಳಿದ ಎಲ್ಲ ಕೆಲಸವನ್ನು ಬ್ಯಾಟರಿ ಹೊರತೆಗೆದ ನಂತರವೇ ಮಾಡಬೇಕು. ವಿದ್ಯುತ್ ಕೊಡಲೇಬೇಕಾದಾಗ ಪ್ರೊಪೆಲರ್‌ಗಳನ್ನು ಬಿಚ್ಚಿಡಬೇಕು. ಪೈಪುಗಳಲ್ಲಿ ಉಳಿದ ಔಷಧವನ್ನು ಹೊರತೆಗೆದು, ಶುದ್ಧ ನೀರಿನಿಂದ ಮೂರು ಬಾರಿ ತೊಳೆದ ಮೇಲೆಯೇ ಯಾವುದೇ ಜೋಡಣೆಯನ್ನು ಸಡಿಲಿಸಬೇಕು. ಆ ತೊಳೆದ ನೀರನ್ನು ಮೋರಿಗೆ ಬಿಡದೆ, ಸಂಗ್ರಹಿಸಿ ಅದೇ ಬೆಳೆಯ ಮೇಲೆ ಸಿಂಪಡಿಸಬೇಕು. ವೈಮಾನಿಕ ಸಿಂಪರಣೆಯಲ್ಲಿ ದ್ರಾವಣ ನೆಲದ ಸಿಂಪರಣೆಗಿಂತ ಹಲವು ಪಟ್ಟು ಗಾಢವಾಗಿರುತ್ತದೆ. ಹೆಕ್ಟೇರಿಗೆ ನೂರಾರು ಲೀಟರ್ ನೀರಿನಲ್ಲಿ ಕರಗಿಸುವ ಔಷಧವನ್ನು ಇಲ್ಲಿ 10ರಿಂದ 30 ಲೀಟರಿನಲ್ಲಿ ಕರಗಿಸಲಾಗುತ್ತದೆ. ಆದ್ದರಿಂದ ಕೈಗವಸು, ಕನ್ನಡಕ, ಮುಖಗವಸು ಇಲ್ಲದೆ ನಾಜಲ್ ಮುಟ್ಟಬಾರದು, ಮತ್ತು ಕಟ್ಟಿಕೊಂಡ ನಾಜಲ್ಲನ್ನು ಬಾಯಿಯಿಂದ ಊದುವ ಅಭ್ಯಾಸವನ್ನು ಎಂದೆಂದಿಗೂ ಬಿಡಬೇಕು.

ಪಟ್ಟೆಯನ್ನು ಓದುವುದು

ಹೊಲಕ್ಕೆ ಅಳತೆ ಟೇಪು ಮತ್ತು ಹಾರಾಟದ ದಾಖಲೆಯ ನಕ್ಷೆ ಎರಡನ್ನೂ ಒಯ್ಯಬೇಕು. ಪಟ್ಟೆಗಳು ಹಾರಾಟದ ದಿಕ್ಕಿಗೆ ಸಮಾನಾಂತರವಾಗಿವೆಯೇ ಅಥವಾ ಅಡ್ಡಲಾಗಿವೆಯೇ ಎಂಬುದು ಮೊದಲ ಪ್ರಶ್ನೆ. ಅಡ್ಡಲಾಗಿದ್ದರೆ ದೋಷ ಕಾಲಕ್ಕೆ ಸಂಬಂಧಿಸಿದ್ದು: ಪಂಪ್ ಕೆಲವು ಕ್ಷಣ ಗಾಳಿ ಎಳೆದುಕೊಂಡಿದೆ, ಹರಿವು ಏರಿಳಿದಿದೆ, ಕವಾಟ ತಡವಾಗಿ ತೆರೆದಿದೆ ಅಥವಾ ಟ್ಯಾಂಕ್ ಬರಿದಾದದ್ದು ಗಮನಕ್ಕೆ ಬಂದಿಲ್ಲ. ಸಮಾನಾಂತರವಾಗಿದ್ದರೆ ದೋಷ ಜಾಗಕ್ಕೆ ಸಂಬಂಧಿಸಿದ್ದು: ಯಂತ್ರದ ಅಗಲದಲ್ಲಿ ಒಂದು ನಿರ್ದಿಷ್ಟ ಭಾಗ ಕಡಿಮೆ ಔಷಧ ಕೊಡುತ್ತಿದೆ, ಇಲ್ಲವೇ ಹಾರಾಟದ ಸಾಲುಗಳ ನಡುವಿನ ಅಂತರ ಹೆಚ್ಚಾಗಿದೆ.

ಸಮಾನಾಂತರ ಪಟ್ಟೆಗಳ ನಡುವಿನ ದೂರವನ್ನು ಹತ್ತಾರು ಪಟ್ಟೆಗಳಿಗೆ ಒಟ್ಟಾಗಿ ಅಳೆದು ಸರಾಸರಿ ತೆಗೆಯಬೇಕು, ಏಕೆಂದರೆ ಒಂದೆರಡು ಪಟ್ಟೆಗಳ ಅಳತೆ ಗಾಳಿಯ ಏರುಪೇರಿನಿಂದ ತಪ್ಪು ದಾರಿ ಹಿಡಿಸುತ್ತದೆ. ಆ ದೂರವು ನೀವು ಹೊಂದಿಸಿದ ಸಿಂಪರಣೆಯ ಅಗಲಕ್ಕೆ, ಅಂದರೆ ಒಂದು ಸಾಲಿನಿಂದ ಪಕ್ಕದ ಸಾಲಿಗೆ ಇಟ್ಟ ಅಂತರಕ್ಕೆ, ಸಮನಾಗಿದ್ದು, ಪಟ್ಟೆಗಳು ಎರಡು ಸಾಲುಗಳ ನಡುವೆ ಬಿದ್ದಿದ್ದರೆ ಅಗಲವನ್ನು ಹೆಚ್ಚಾಗಿ ಹೊಂದಿಸಲಾಗಿದೆ ಎಂದರ್ಥ. ಅದೇ ದೂರಕ್ಕೆ ಮರುಕಳಿಸಿದರೂ ಪಟ್ಟೆ ಯಂತ್ರ ಹಾರಿದ ಗೆರೆಯ ನೇರ ಕೆಳಗೇ ಇದ್ದರೆ, ನಡುವಿನ ನಾಜಲ್‌ಗಳನ್ನು ಅಥವಾ ನಡುಭಾಗದ ಗಾಳಿಯ ಹರಿವನ್ನು ಸಂಶಯಿಸಬೇಕು.

ಪಟ್ಟೆಗಳು ಸಿಂಪರಣೆಯ ಅಗಲದ ಎರಡರಷ್ಟು ದೂರಕ್ಕೊಮ್ಮೆ, ಆದರೆ ಹೆಚ್ಚು ಅಗಲವಾಗಿ ಬಂದಿದ್ದರೆ ವಿಷಯ ಇನ್ನೂ ಸ್ವಾರಸ್ಯಕರ. ಯಂತ್ರ ಹೋಗಿ ತಿರುಗಿ ಬರುವಾಗ ಅದರ ಎಡಬದಿಯ ಪಕ್ಕಕ್ಕೆ ಮುಂದಿನ ಸಾಲಿನ ಎಡಬದಿಯೇ ಬರುತ್ತದೆ, ಬಲಬದಿಯ ಪಕ್ಕಕ್ಕೆ ಬಲಬದಿಯೇ. ಆದ್ದರಿಂದ ಎಡಬದಿಯ ಒಂದು ನಾಜಲ್ ಕಟ್ಟಿಕೊಂಡಿದ್ದರೆ ಎರಡು ಕೊರತೆಗಳು ಒಂದಕ್ಕೊಂದು ತಾಗಿ ಒಂದೇ ದೊಡ್ಡ ಪಟ್ಟೆಯಾಗುತ್ತವೆ, ಮತ್ತು ಅದು ಒಂದು ಬಿಟ್ಟು ಒಂದು ಸಂದಿಯಲ್ಲಿ ಮಾತ್ರ ಕಾಣುತ್ತದೆ. ಆದರೆ ಅನೇಕ ಡ್ರೋನ್‌ಗಳು ಸಾಲಿನ ಕೊನೆಯಲ್ಲಿ ಮೂತಿ ತಿರುಗಿಸದೆ ಹಿಮ್ಮುಖವಾಗಿಯೇ ಮರಳಬಲ್ಲವು. ಆ ಹೊಂದಾಣಿಕೆಯಲ್ಲಿ ಎಡಬದಿ ಯಾವಾಗಲೂ ಹೊಲದ ಒಂದೇ ದಿಕ್ಕಿಗೆ ಇರುತ್ತದೆಯಾದ್ದರಿಂದ ಅದೇ ದೋಷ ಪ್ರತಿ ಸಾಲಿಗೂ ಒಂದೊಂದು ತೆಳು ಪಟ್ಟೆಯನ್ನು ಕೊಡುತ್ತದೆ. ಡ್ರೋನ್ ಯಾವ ರೀತಿ ತಿರುಗುವಂತೆ ಹೊಂದಿಸಲಾಗಿತ್ತು ಎಂಬುದನ್ನು ನೋಡದೆ ಪಟ್ಟೆಯ ಅಂತರಕ್ಕೆ ಅರ್ಥ ಹಚ್ಚಬಾರದು.

ಪಕ್ಕಗಾಳಿಯ ಪರಿಣಾಮವನ್ನು ಇದರಿಂದ ಬೇರ್ಪಡಿಸಬೇಕು. ಗಾಳಿ ಒಂದೇ ವೇಗದಲ್ಲಿ ಬೀಸಿದರೆ ಎಲ್ಲ ಸಾಲುಗಳೂ ಒಂದೇ ದಿಕ್ಕಿಗೆ ಅಷ್ಟೇ ಸರಿಯುತ್ತವೆ, ನಡುವೆ ಪಟ್ಟೆ ಬೀಳುವುದಿಲ್ಲ. ಗಾಳಿ ಬಂದ ಕಡೆಯ ಅಂಚಿನಲ್ಲಿ ಒಂದು ಒಣ ಪಟ್ಟೆ ಮತ್ತು ಎದುರಂಚಿನಾಚೆ ಬೇಡದ ಸಿಂಪರಣೆ, ಇಷ್ಟೇ ಕಾಣುತ್ತದೆ. ಗಾಳಿ ಬಿಟ್ಟು ಬಿಟ್ಟು ಬೀಸಿದರೆ ಮಾತ್ರ ಪಟ್ಟೆಗಳು ಬರುತ್ತವೆ, ಆದರೆ ಅವುಗಳ ಅಂತರದಲ್ಲಿ ಲೆಕ್ಕ ಇರುವುದಿಲ್ಲ. ಅಂತರ ನಿಯಮಿತವಾಗಿದ್ದರೆ ಯಂತ್ರ ಅಥವಾ ಹೊಂದಾಣಿಕೆ, ಅನಿಯಮಿತವಾಗಿದ್ದರೆ ಗಾಳಿ ಅಥವಾ ಸ್ಥಾನ ನಿರ್ಧಾರದ ತೊಂದರೆ ಎಂಬ ಸೂತ್ರವನ್ನು ನಂಬಿ ಮುಂದುವರಿಯಬಹುದು.

ಸ್ಥಾನ ನಿರ್ಧಾರದ ವಿಷಯ ಚಿಕ್ಕದು. ಆರ್‌ಟಿಕೆ ತಿದ್ದುಪಡಿ (ಉಪಗ್ರಹ ಕೊಡುವ ಸ್ಥಾನದ ತಪ್ಪನ್ನು ಸರಿಪಡಿಸಲು ನೆಲದ ಕೇಂದ್ರದಿಂದ ಬರುವ ಸಂಕೇತ) ಸರಿಯಾಗಿ ಸಿಗುತ್ತಿರುವಾಗ ಡ್ರೋನ್ ತನ್ನ ಸಾಲನ್ನು ಕೆಲವೇ ಸೆಂಟಿಮೀಟರ್ ವ್ಯತ್ಯಾಸದಲ್ಲಿ ಹಿಡಿಯುತ್ತದೆ. ತಿದ್ದುಪಡಿ ತಪ್ಪಿ ಬರೀ ಉಪಗ್ರಹದ ಮೇಲೆ ಹಾರಿದರೆ ವ್ಯತ್ಯಾಸ ಮೀಟರಿಗೂ ಮೀರಬಹುದು, ಮತ್ತು 4 ಮೀಟರ್ ಅಗಲದ ಸಿಂಪರಣೆಯಲ್ಲಿ ಒಂದು ಮೀಟರ್ ಎಂದರೆ ಕಾಲು ಭಾಗ. ಬ್ಯಾಟರಿ ಬದಲಿಸಿ ಮತ್ತೆ ಹಾರಿದ ಜಾಗದಿಂದಲೇ ಪಟ್ಟೆ ಆರಂಭವಾಗಿದ್ದರೆ ದಾಖಲೆಯಲ್ಲಿ ಆ ಕ್ಷಣದ ಸ್ಥಾನ ಸ್ಥಿತಿಯನ್ನು ನೋಡುವುದು ಸಾಕು.

ಪರದೆಯ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹೊಲದ ಓದು ಮುಗಿದ ನಂತರ ಲೆಕ್ಕವನ್ನು ಪರಿಶೀಲಿಸಬೇಕು. ಹೆಕ್ಟೇರಿಗೆ ಬೀಳುವ ಲೀಟರ್ ಎಂದರೆ, ನಿಮಿಷಕ್ಕೆ ಹರಿಯುವ ಒಟ್ಟು ಲೀಟರನ್ನು 600ರಿಂದ ಗುಣಿಸಿ, ಗಂಟೆಗೆ ಕಿಲೋಮೀಟರಿನಲ್ಲಿರುವ ವೇಗ ಮತ್ತು ಮೀಟರಿನಲ್ಲಿರುವ ಸಿಂಪರಣೆಯ ಅಗಲ ಇವೆರಡರ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆ. ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ, 4 ಮೀಟರ್ ಅಗಲಕ್ಕೆ, ಹೆಕ್ಟೇರಿಗೆ 20 ಲೀಟರ್ ಬೀಳಬೇಕಾದರೆ ನಿಮಿಷಕ್ಕೆ 2.4 ಲೀಟರ್ ಹರಿಯಬೇಕು. ನಾಲ್ಕು ನಾಜಲ್ ಇದ್ದರೆ ಒಂದೊಂದಕ್ಕೆ 0.6 ಲೀಟರ್. 3 ಬಾರ್ ಒತ್ತಡದಲ್ಲಿ ಹೆಚ್ಚುಕಡಿಮೆ ಇಷ್ಟನ್ನು ಕೊಡುವುದು ಅಂತರರಾಷ್ಟ್ರೀಯ ಬಣ್ಣ ಸಂಕೇತದ ಹಸಿರು ನಾಜಲ್, ಅಂದರೆ 015 ಅಳತೆಯದು. ಕಿತ್ತಳೆ ಬಣ್ಣದ 01 ಸುಮಾರು 0.4 ಲೀಟರನ್ನೂ ಹಳದಿ ಬಣ್ಣದ 02 ಸುಮಾರು 0.8 ಲೀಟರನ್ನೂ ಕೊಡುತ್ತವೆ. ಹನಿಗಳ ಗಾತ್ರವನ್ನು ಸೂಚಿಸುವ ಕೋಷ್ಟಕಗಳಲ್ಲಿಯೂ ಹಳದಿ, ಹಸಿರು, ನೀಲಿ ಬಣ್ಣಗಳೇ ಬರುತ್ತವೆ, ಆದರೆ ಅವುಗಳಿಗೂ ನಾಜಲ್‌ನ ಮೈಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. ಈ ಗೊಂದಲದಿಂದ ತಪ್ಪು ನಾಜಲ್ ಹಾಕಿದ ಯಂತ್ರಗಳು ಅಪರೂಪವಲ್ಲ.

ಹರಿವನ್ನು ಒತ್ತಡದಿಂದ ಸರಿಪಡಿಸಲು ಹೋಗುವವರು ಒಂದು ಮಾತನ್ನು ನೆನಪಿಡಬೇಕು. ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. ಶೇಕಡಾ 10ರಷ್ಟು ಹೆಚ್ಚು ಹರಿವಿಗೆ ಒತ್ತಡವನ್ನು ಶೇಕಡಾ 21ರಷ್ಟು ಏರಿಸಬೇಕು, ಎರಡರಷ್ಟು ಹರಿವಿಗೆ ನಾಲ್ಕರಷ್ಟು. ಅಷ್ಟು ಏರಿಸಿದಾಗ ಹನಿಗಳು ಸಣ್ಣಗಾಗಿ ತೇಲಿಹೋಗುತ್ತವೆ. ಕೊರತೆ ದೊಡ್ಡದಿದ್ದರೆ ನಾಜಲ್‌ನ ಅಳತೆಯನ್ನೇ ಬದಲಿಸುವುದು ಸರಿಯಾದ ದಾರಿ.

ಇನ್ನು ಬಹುತೇಕ ತಪ್ಪು ತೀರ್ಮಾನಗಳ ಮೂಲಕ್ಕೆ ಬರೋಣ. ನಿಯಂತ್ರಕದ ಪರದೆಯ ಮೇಲೆ ಕಾಣುವ ಹರಿವು ಒಟ್ಟು ಹರಿವು. ಒಂದೇ ಪಂಪ್ ನಾಲ್ಕು ನಾಜಲ್‌ಗಳಿಗೆ ಕೊಡುವ ಜೋಡಣೆಯಲ್ಲಿ ಒಂದು ನಾಜಲ್ ಅರ್ಧ ಕಟ್ಟಿಕೊಂಡರೆ, ಹರಿವು ಮಾಪಕ ಕೊರತೆಯನ್ನು ಕಂಡ ತಕ್ಷಣ ನಿಯಂತ್ರಕ ಪಂಪಿನ ವೇಗವನ್ನು ಏರಿಸಿ ಒಟ್ಟು ಮೊತ್ತವನ್ನು ಮತ್ತೆ 2.4ಕ್ಕೆ ತರುತ್ತದೆ. ಪರದೆಯಲ್ಲಿ ಎಲ್ಲವೂ ಸರಿ; ಹೊಲದಲ್ಲಿ ಮೂರು ನಾಜಲ್‌ಗಳ ಕೆಳಗೆ ಹೆಚ್ಚು ಔಷಧ, ಒಂದರ ಕೆಳಗೆ ಕಡಿಮೆ. ಬೆಳೆ ಒಂದು ಪಟ್ಟೆಯಲ್ಲಿ ಸುಟ್ಟು ಪಕ್ಕದ ಪಟ್ಟೆಯಲ್ಲಿ ರೋಗ ಉಳಿದಿದ್ದರೆ ಔಷಧವನ್ನು ದೂರುವ ಮೊದಲು ಈ ಸಾಧ್ಯತೆಯನ್ನು ನೋಡಬೇಕು. ಪ್ರತಿ ನಾಜಲ್‌ನ ಹರಿವನ್ನು ಬೇರೆ ಬೇರೆಯಾಗಿ ಅಳೆಯದೆ ಯಾವ ಯಂತ್ರವನ್ನೂ ಸರಿಯಿದೆ ಎಂದು ಹೇಳಲಾಗದು.

ಅಳೆಯುವ ವಿಧಾನ ಸರಳ. ಪ್ರೊಪೆಲರ್ ಬಿಚ್ಚಿದ ಡ್ರೋನನ್ನು ಎತ್ತರದ ಸ್ಟ್ಯಾಂಡಿನ ಮೇಲೆ ಸಮತಟ್ಟಾಗಿ ಇಟ್ಟು, ಟ್ಯಾಂಕಿಗೆ ಶುದ್ಧ ನೀರು ತುಂಬಿ, ಪ್ರತಿ ನಾಜಲ್ ಕೆಳಗೆ ಅಳತೆಯ ಗೆರೆಗಳಿರುವ ಪಾತ್ರೆ ಇಟ್ಟು, ಪೈಪುಗಳಲ್ಲಿನ ಗಾಳಿ ಪೂರ್ತಿ ಹೊರಹೋಗುವವರೆಗೆ ಪಂಪ್ ಓಡಿಸಬೇಕು. ನಂತರ ಸರಿಯಾಗಿ ಒಂದು ನಿಮಿಷ ಸಂಗ್ರಹಿಸಿ ತೂಗಬೇಕು. ನೀರಿನ ಒಂದು ಗ್ರಾಂ ಒಂದು ಮಿಲಿಲೀಟರ್ ಆದ್ದರಿಂದ ಗೆರೆ ನೋಡಿ ಓದುವುದಕ್ಕಿಂತ ತಕ್ಕಡಿ ಹೆಚ್ಚು ನಂಬಿಕೆಗೆ ಅರ್ಹ. ನಾಲ್ಕು ಪಾತ್ರೆಗಳಲ್ಲಿ 600, 610, 590 ಮತ್ತು 480 ಗ್ರಾಂ ಬಂದವು ಎಂದುಕೊಳ್ಳೋಣ. ಸರಾಸರಿ 570, ನಾಲ್ಕನೆಯದು ಅದಕ್ಕಿಂತ ಸುಮಾರು ಶೇಕಡಾ 16ರಷ್ಟು ಕಡಿಮೆ. ಈಗ ನಾಲ್ಕನೆಯ ನಾಜಲ್‌ನ ತುದಿಯನ್ನು ಮೊದಲನೆಯದರ ಜಾಗಕ್ಕೂ ಮೊದಲನೆಯದನ್ನು ನಾಲ್ಕನೆಯದರ ಜಾಗಕ್ಕೂ ಹಾಕಿ ಮತ್ತೊಮ್ಮೆ ಅಳೆಯಬೇಕು. ಕೊರತೆ ತುದಿಯ ಜೊತೆಗೆ ಹೋದರೆ ದೋಷ ತುದಿಯದು; ಕೊರತೆ ಹಳೆಯ ಜಾಗದಲ್ಲೇ ಉಳಿದರೆ ದೋಷ ಆ ಜಾಗದ ಜಾಲರಿ, ಸೋರು ತಡೆಯುವ ಕವಾಟ, ಮಡಚಿದ ಪೈಪು ಅಥವಾ ಆ ಬದಿಯ ಪಂಪಿನದು. ಹೊಸ ತುದಿ ತರಿಸುವ ಮೊದಲು ಈ ಅದಲುಬದಲು ಪರೀಕ್ಷೆಯನ್ನು ಮಾಡಲೇಬೇಕು.

ಕಟ್ಟಿಕೊಂಡ ತುದಿಯನ್ನು ನೀರಿನಲ್ಲಿ ನೆನೆಸಿ ಮೃದುವಾದ ಬ್ರಷ್‌ನಿಂದ ಅಥವಾ ಹಿಂದುಮುಂದಾಗಿ ಗಾಳಿ ಹಾಯಿಸಿ ಸ್ವಚ್ಛಗೊಳಿಸಬೇಕು. ಸೂಜಿ, ತಂತಿ, ಚಾಕುವಿನ ತುದಿ ಇವೆಲ್ಲ ಕಣ್ಣಿಗೆ ಕಾಣದ ಗೀರು ಮೂಡಿಸಿ ಹನಿಯ ಹಾಸನ್ನೇ ಕೆಡಿಸುತ್ತವೆ. ಸವೆದ ತುದಿ ಕಡಿಮೆಯಲ್ಲ, ಹೆಚ್ಚು ಹರಿಸುತ್ತದೆ. ಹೊಸ ತುದಿಗಿಂತ ಶೇಕಡಾ 10ರಷ್ಟು ಹೆಚ್ಚು ಹರಿದರೆ ಅದನ್ನು ಎಸೆಯುವುದು ಸಾಮಾನ್ಯವಾಗಿ ಒಪ್ಪಿತವಾದ ಮಿತಿ, ಮತ್ತು ಒಂದನ್ನು ಬದಲಿಸುವಾಗ ಇಡೀ ಸಾಲನ್ನು ಬದಲಿಸುವುದು ವಿವೇಕ.

ಪಂಪ್, ಗಾಳಿ ಮತ್ತು ಹರಿವು ಮಾಪಕ

ಎಲ್ಲ ನಾಜಲ್‌ಗಳೂ ಸಮನಾಗಿ, ಆದರೆ ಕಡಿಮೆ ಹರಿಸುತ್ತಿದ್ದರೆ ದೋಷ ಅವುಗಳ ಹಿಂದೆ ಇದೆ. ಡಯಾಫ್ರಂ ಪಂಪ್ ಇರುವ ಡ್ರೋನ್‌ಗಳಲ್ಲಿ ಪಂಪ್ ಎಳೆದುಕೊಳ್ಳುವ ವಿದ್ಯುತ್ ಪ್ರವಾಹವೇ ಅತ್ಯುತ್ತಮ ಸಾಕ್ಷಿ. ಹರಿವು ತಗ್ಗಿದೆ, ಪ್ರವಾಹ ಏರಿದೆ ಎಂದರೆ ಪಂಪಿನ ಮುಂದೆ ಎಲ್ಲೋ ತಡೆ ಇದೆ. ಪಂಪ್ ಮುಂದಕ್ಕೆ ಹೋಗದ ನೀರನ್ನು ತಳ್ಳಲು ಒದ್ದಾಡುತ್ತಿದೆ. ಹರಿವೂ ತಗ್ಗಿದೆ, ಪ್ರವಾಹವೂ ತಗ್ಗಿದೆ ಎಂದರೆ ಪಂಪಿಗೆ ನೀರೇ ತಲುಪುತ್ತಿಲ್ಲ: ಟ್ಯಾಂಕಿನ ತಳದ ಜಾಲರಿ ಮುಚ್ಚಿದೆ, ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಅಥವಾ ಎಳೆಯುವ ಬದಿಯ ಜೋಡಣೆಯಿಂದ ಗಾಳಿ ನುಗ್ಗುತ್ತಿದೆ. ಎಳೆಯುವ ಬದಿಯಲ್ಲಿ ಬಿರುಕಿದ್ದರೆ ನೀರು ಹೊರಗೆ ಸೋರದೆ ಗಾಳಿ ಒಳಗೆ ಹೋಗುವುದರಿಂದ ನೆಲ ಒಣಗಿಯೇ ಇರುತ್ತದೆ; ಹುಡುಕುವವರು ತೇವ ಕಾಣದೆ ಮುಂದೆ ಹೋಗಿಬಿಡುತ್ತಾರೆ. ಪಾರದರ್ಶಕ ಪೈಪಿದ್ದರೆ ಪಂಪಿನ ಹತ್ತಿರ ದೀಪ ಹಿಡಿದು ನೋಡಬೇಕು. ಸಣ್ಣ ಗುಳ್ಳೆಗಳು ಸಾಲಾಗಿ ಓಡುತ್ತಿದ್ದರೆ, ಪ್ರತಿ ಜೋಡಣೆಯ ಮೇಲೂ ಒದ್ದೆ ಬಟ್ಟೆ ಸುತ್ತುತ್ತ ಹೋದಾಗ ಯಾವುದರ ಮೇಲೆ ಸುತ್ತಿದಾಗ ಗುಳ್ಳೆ ನಿಲ್ಲುತ್ತದೋ ಅಲ್ಲೇ ಸೀಲು ಹೋಗಿದೆ. ಪಂಪಿನ ಸದ್ದು ಕೂಡ ಬದಲಾಗುತ್ತದೆ: ತುಂಬಿದ ಪಂಪ್ ದಪ್ಪ ದನಿಯಲ್ಲಿ ಒಂದೇ ಸಮನೆ ಗುನುಗುತ್ತದೆ, ಗಾಳಿ ಎಳೆಯುವ ಪಂಪ್ ತೆಳ್ಳಗೆ ಕಟಕಟ ಎನ್ನುತ್ತದೆ.

ಪ್ರವಾಹ ಸರಿಯಾಗಿದ್ದು ಹರಿವು ಮಾತ್ರ ಕಡಿಮೆಯಿದ್ದರೆ ಪಂಪಿನೊಳಗಿನ ರಬ್ಬರ್ ಕವಾಟಗಳನ್ನು ತೆರೆದು ನೋಡಬೇಕು. ಪುಡಿ ರೂಪದ ಔಷಧ ಅಲ್ಲಿ ಗಟ್ಟಿಯಾಗಿ ಕೂತು ಕವಾಟ ಪೂರ್ತಿ ಮುಚ್ಚದಂತೆ ಮಾಡುತ್ತದೆ. ಆಗ ಪಂಪ್ ಅದೇ ನೀರನ್ನು ಹಿಂದೆ ಮುಂದೆ ಆಡಿಸುತ್ತಿರುತ್ತದೆ. ಕೆಲಸ ಮುಗಿದ ಕೂಡಲೇ ಶುದ್ಧ ನೀರು ಹಾಯಿಸಿದರೆ ಈ ದೋಷ ಹುಟ್ಟುವುದೇ ಇಲ್ಲ.

ಹರಿವು ಮಾಪಕವು ಸುಳ್ಳು ಹೇಳಬಲ್ಲ ಸಾಧನ. ಚಕ್ರ ತಿರುಗುವ ಮಾದರಿಯಲ್ಲಿ ಗುಳ್ಳೆ ಮತ್ತು ನೊರೆ ಚಕ್ರವನ್ನು ವೇಗವಾಗಿ ತಿರುಗಿಸಿ ಹೆಚ್ಚು ಹರಿವು ತೋರಿಸುತ್ತವೆ, ನಿಯಂತ್ರಕ ಅದನ್ನು ನಂಬಿ ಪಂಪನ್ನು ನಿಧಾನಗೊಳಿಸುತ್ತದೆ. ಕಸ ಸಿಕ್ಕಿ ಚಕ್ರ ಬಿಗಿಯಾದರೆ ಇದರ ತದ್ವಿರುದ್ಧ. ಪರೀಕ್ಷೆ ಒಂದೇ: ಪರದೆ 2 ಲೀಟರ್ ಎಂದಾಗ ಪಾತ್ರೆಗಳಲ್ಲಿ ಒಟ್ಟು 2 ಕಿಲೋಗ್ರಾಂ ನೀರು ಬಿದ್ದಿದೆಯೇ ಎಂದು ತೂಗುವುದು. ವ್ಯತ್ಯಾಸ ಶೇಕಡಾ 5ನ್ನು ಮೀರಿದರೆ ಮಾಪಕವನ್ನು ಮತ್ತೆ ಹೊಂದಿಸಬೇಕು. ನೀರಿನಲ್ಲಿ ಹೊಂದಿಸಿದ ಮಾಪಕ ಎಣ್ಣೆಯಂಥ ದಪ್ಪ ದ್ರಾವಣಕ್ಕೆ ಸರಿಹೊಂದುತ್ತದೆ ಎಂದು ಭಾವಿಸಬಾರದು.

ಟ್ಯಾಂಕಿನೊಳಗಿನ ತೊಂದರೆ

ಯಂತ್ರ ಶುದ್ಧ ನೀರಿನಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿ, ಔಷಧ ಹಾಕಿದ ಕೂಡಲೇ ಕೆಡುತ್ತಿದ್ದರೆ ದೋಷ ದ್ರಾವಣದ್ದು. ಕಡಿಮೆ ನೀರಿನಲ್ಲಿ ಎರಡು ಮೂರು ಔಷಧಗಳನ್ನು ಸೇರಿಸಿದಾಗ ಅವು ಕರಗದೆ ಮೊಸರಿನಂತೆ ಒಡೆಯುವುದುಂಟು. ನೆಲದ ಸಿಂಪರಣೆಯಲ್ಲಿ ಚೆನ್ನಾಗಿ ಬೆರೆಯುವ ಜೋಡಿ ಇಲ್ಲಿಯೂ ಬೆರೆಯುತ್ತದೆ ಎಂಬ ಖಾತರಿಯಿಲ್ಲ. ಹೊಲದಲ್ಲಿ ಬಳಸುವ ಅದೇ ನೀರು, ಅದೇ ಪ್ರಮಾಣದಲ್ಲಿ ಗಾಜಿನ ಬಾಟಲಿಯಲ್ಲಿ ಬೆರೆಸಿ ಅರ್ಧ ಗಂಟೆ ಬಿಟ್ಟು ನೋಡಬೇಕು; ತಳದಲ್ಲಿ ಗಷ್ಟು, ಮೇಲೆ ಎಣ್ಣೆಯ ಪದರ, ನಡುವೆ ಚಿಂದಿಯಂಥ ತುಣುಕು ಅಥವಾ ಬಾಟಲಿ ಬಿಸಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಆ ಮಿಶ್ರಣ ಟ್ಯಾಂಕಿಗೆ ಹೋಗಬಾರದು. ಬೆರೆಸುವ ಕ್ರಮವೂ ಮುಖ್ಯ: ಅರ್ಧ ಟ್ಯಾಂಕ್ ನೀರು, ಅದಕ್ಕೆ ಪುಡಿ ಮತ್ತು ಹರಳು ರೂಪದವು, ಚೆನ್ನಾಗಿ ಕಲಕಿದ ಮೇಲೆ ದ್ರವದಲ್ಲಿ ತೇಲುವ ಗಟ್ಟಿ ಔಷಧ, ಆನಂತರ ಎಣ್ಣೆಯುಕ್ತ ದ್ರವ, ಕೊನೆಗೆ ಅಂಟುದ್ರವ. ಅಂಟುದ್ರವವನ್ನು ಮೊದಲೇ ಸುರಿದರೆ ನೊರೆ ಎದ್ದು, ಮೇಲೆ ಹೇಳಿದ ಹರಿವು ಮಾಪಕದ ಸುಳ್ಳಿಗೆ ದಾರಿಯಾಗುತ್ತದೆ. ಔಷಧದ ಚೀಟಿ ಬೇರೆ ಕ್ರಮ ಹೇಳಿದ್ದರೆ ಚೀಟಿಯ ಮಾತೇ ಅಂತಿಮ.

ಹೊಸ ಡ್ರೋನ್‌ಗಳಲ್ಲಿ ನಾಜಲ್‌ಗೆ ಬದಲಾಗಿ ತಿರುಗುವ ತಟ್ಟೆಯ ಸಿಂಪಡಕಗಳು ಬಂದಿವೆ. ಅವುಗಳಲ್ಲಿ ಹನಿಯ ಗಾತ್ರವನ್ನು ಒತ್ತಡವಲ್ಲ, ತಟ್ಟೆಯ ವೇಗ ನಿರ್ಧರಿಸುತ್ತದೆ. ಒಂದು ಬದಿಯ ಹನಿಗಳು ಮಾತ್ರ ದಪ್ಪಗಾಗಿದ್ದರೆ ಆ ತಟ್ಟೆಯ ಬೇರಿಂಗ್ ಬಿಗಿಯಾಗಿದೆ ಅಥವಾ ಮೋಟಾರಿಗೆ ಸರಿಯಾಗಿ ವಿದ್ಯುತ್ ಹೋಗುತ್ತಿಲ್ಲ. ತಟ್ಟೆಯ ಹಲ್ಲುಗಳ ಮೇಲೆ ಔಷಧ ಹೆಪ್ಪುಗಟ್ಟಿ ಸಮತೋಲ ತಪ್ಪಿದರೆ ನಡುಕ ಶುರುವಾಗಿ ಬೇರಿಂಗನ್ನೂ ತಿನ್ನುತ್ತದೆ. ವಿದ್ಯುತ್ ತೆಗೆದು ಕೈಯಿಂದ ತಿರುಗಿಸಿ ಎರಡೂ ಬದಿಗಳನ್ನು ಹೋಲಿಸಿದರೆ ಬೇರಿಂಗ್‌ನ ಸ್ಥಿತಿ ಬೆರಳಿಗೇ ತಿಳಿಯುತ್ತದೆ.

ಎತ್ತರ, ವೇಗ ಮತ್ತು ಕೆಳಗಾಳಿ

ಡ್ರೋನಿನ ಪ್ರೊಪೆಲರ್‌ಗಳು ಕೆಳಕ್ಕೆ ತಳ್ಳುವ ಗಾಳಿಯೇ ಹನಿಗಳನ್ನು ಬೆಳೆಯೊಳಗೆ ಇಳಿಸುತ್ತದೆ. ವೇಗ ಹೆಚ್ಚಿದಂತೆ ಈ ಗಾಳಿ ಹಿಂದಕ್ಕೆ ವಾಲಿ, ಒಂದು ಹಂತದ ನಂತರ ಯಂತ್ರದ ಹಿಂದೆ ಸುಳಿಯಾಗಿ ಮೇಲೇಳುತ್ತದೆ, ಹನಿಗಳು ಅದರೊಳಗೆ ಸಿಕ್ಕಿ ಬೆಳೆಯ ಮೇಲ್ಭಾಗದಲ್ಲೇ ಉಳಿಯುತ್ತವೆ ಅಥವಾ ಗಾಳಿಪಾಲಾಗುತ್ತವೆ. ಮೇಲಿನ ಎಲೆಗಳಲ್ಲಿ ಔಷಧ ಚೆನ್ನಾಗಿದ್ದು ಕೆಳಗಿನ ಎಲೆಗಳಲ್ಲಿ ರೋಗ ಉಳಿದಿದ್ದರೆ, ಮೊದಲು ವೇಗವನ್ನು ತಗ್ಗಿಸಿ ನೋಡಬೇಕು. ತೀರಾ ಕೆಳಗೆ ಹಾರಿದರೆ ಗಾಳಿ ನೆಲಕ್ಕೆ ಬಡಿದು ಬದಿಗೆ ಚದುರಿ ಬೆಳೆಯನ್ನು ಮಲಗಿಸುತ್ತದೆ ಮತ್ತು ಪಟ್ಟೆ ಮೂಡಿಸುತ್ತದೆ. ತೀರಾ ಮೇಲೆ ಹಾರಿದರೆ ಹನಿ ಇಳಿಯುವ ಮೊದಲೇ ಆ ಗಾಳಿಯ ಬಲ ಮುಗಿದಿರುತ್ತದೆ. ಬೆಳೆಯ ತುದಿಯಿಂದ 2ರಿಂದ 3 ಮೀಟರ್ ಎಂಬುದು ಬಹಳಷ್ಟು ಯಂತ್ರಗಳಿಗೆ ಒಳ್ಳೆಯ ಆರಂಭದ ಅಂಕಿ. ಯಮಹಾ ಆರ್-50 1987ರಲ್ಲಿ ಬಂದಾಗಿನಿಂದ ಬಳಕೆಯಲ್ಲಿರುವ ಒಂಟಿ ರೆಕ್ಕೆಚಕ್ರದ ಚಾಲಕರಹಿತ ಹೆಲಿಕಾಪ್ಟರ್‌ಗಳ ಎತ್ತರ ಮತ್ತು ಅಗಲದ ಅಂಕಿಗಳನ್ನು ಆರೆಂಟು ಸಣ್ಣ ಪ್ರೊಪೆಲರ್‌ಗಳ ಡ್ರೋನಿಗೆ ಹಾಗೆಯೇ ಹೊಂದಿಸುವುದು ಸರಿಯಲ್ಲ. ಎರಡರ ಕೆಳಗಾಳಿಯ ಆಕಾರ ಬೇರೆ. ಎತ್ತರ ಅಳೆಯುವ ರಾಡಾರ್ ವಿರಳ ಬೆಳೆಯಲ್ಲಿ ನೆಲವನ್ನೂ ದಟ್ಟ ಬೆಳೆಯಲ್ಲಿ ಎಲೆಗಳನ್ನೂ ಓದುವುದರಿಂದ, ಬೆಳೆಯ ದಟ್ಟಣೆ ಬದಲಾಗುವ ಹೊಲದಲ್ಲಿ ಡ್ರೋನ್ ಏರಿಳಿಯುತ್ತದೆ. ರಾಡಾರಿನ ಮುಖದ ಮೇಲೆ ಔಷಧದ ಪದರ ಕಟ್ಟದಂತೆ ಪ್ರತಿ ದಿನ ಒರೆಸಬೇಕು.

ವಿಮಾನಕ್ಕೆ ವಿಶಿಷ್ಟವಾದ ದೋಷಗಳು

ವಿಮಾನದಲ್ಲಿ ಒಡಲಿನ ಬಲಕ್ಕೆ ಒಂದು ತೆಳು ಪಟ್ಟೆ, ಎಡಕ್ಕೆ ದಟ್ಟ ಪಟ್ಟೆ ಕಂಡರೆ ನಾಜಲ್‌ಗಳನ್ನು ಬಿಚ್ಚುವ ಅಗತ್ಯವಿಲ್ಲ. ಚಾಲಕನ ಆಸನದಿಂದ ನೋಡಿದಾಗ ಪ್ರೊಪೆಲರ್ ಪ್ರದಕ್ಷಿಣವಾಗಿ ತಿರುಗುವ ವಿಮಾನದಲ್ಲಿ ಅದರ ಸುಳಿಗಾಳಿ ಒಡಲಿನ ಕೆಳಗೆ ಹನಿಗಳನ್ನು ಬಲದಿಂದ ಎಡಕ್ಕೆ ಎಳೆಯುತ್ತದೆ. ಒಡಲಿನ ಬಲಬದಿಯಲ್ಲಿ ನಾಜಲ್‌ಗಳನ್ನು ಸೇರಿಸಿ, ಎಡಬದಿಯಲ್ಲಿ ಕೆಲವನ್ನು ಮುಚ್ಚಿ, ಮತ್ತೆ ಪರೀಕ್ಷಿಸುತ್ತ ಇದನ್ನು ಸರಿದೂಗಿಸಬೇಕು. ಸಿಂಪರಣೆಯ ಎರಡು ಹೊರ ಅಂಚುಗಳಲ್ಲಿ ಔಷಧ ಮೇಲೆದ್ದು ತೇಲುತ್ತಿದ್ದರೆ ಬೂಮ್, ಅಂದರೆ ನಾಜಲ್‌ಗಳನ್ನು ಹೊತ್ತ ಅಡ್ಡ ಕೊಳವೆ, ಉದ್ದ ಹೆಚ್ಚಾಗಿದೆ: ಅದು ರೆಕ್ಕೆಯ ಒಟ್ಟು ಹರವಿನ ಶೇಕಡಾ 75ನ್ನು ಮೀರಬಾರದು, ಶೇಕಡಾ 65ರ ಒಳಗಿದ್ದರೆ ರೆಕ್ಕೆತುದಿಯ ಸುಳಿಗೆ ಸಿಗುವ ಹನಿ ಇನ್ನೂ ಕಡಿಮೆ.

ಹನಿಯ ಗಾತ್ರದ ವಿಷಯದಲ್ಲಿ ವಿಮಾನ ನೆಲದ ಯಂತ್ರದ ಅನುಭವಕ್ಕೆ ತಿರುಗಿ ನಿಲ್ಲುತ್ತದೆ. ಗಂಟೆಗೆ 200 ಕಿಲೋಮೀಟರ್‌ಗಿಂತ ಹೆಚ್ಚಿನ ವೇಗದಲ್ಲಿ ಹನಿಯನ್ನು ಒಡೆಯುವುದು ಮುಖ್ಯವಾಗಿ ಎದುರುಗಾಳಿ. ನಾಜಲ್ ನೇರ ಹಿಂದಕ್ಕೆ ಮುಖ ಮಾಡಿದ್ದರೆ ಹನಿ ದಪ್ಪ, ಕೆಳಕ್ಕೆ ಬಾಗಿದಂತೆಲ್ಲ ಸಣ್ಣ. ನೇರ ಹಿಂದಕ್ಕೆ ಮುಖ ಮಾಡಿದ ನಾಜಲ್‌ನಲ್ಲಿ ಒತ್ತಡ ಏರಿಸಿದರೆ ದ್ರವದ ವೇಗಕ್ಕೂ ಗಾಳಿಯ ವೇಗಕ್ಕೂ ಇರುವ ಅಂತರ ಕಡಿಮೆಯಾಗಿ ಸಣ್ಣ ಹನಿಗಳ ಪಾಲು ಇಳಿಯುತ್ತದೆ. ಆದ್ದರಿಂದ ಔಷಧ ತೇಲುತ್ತಿದೆ ಎಂದು ಒತ್ತಡ ತಗ್ಗಿಸುವುದು ಇಲ್ಲಿ ದೋಷವನ್ನು ಹೆಚ್ಚಿಸಬಹುದು. ಕೋನ ಮತ್ತು ಹಾರಾಟದ ವೇಗವನ್ನು ಮೊದಲು ನೋಡಬೇಕು.

ಸಾಲು ಮುಗಿದ ಮೇಲೂ ಔಷಧ ಬೀಳುತ್ತಿದ್ದರೆ ಕಾರಣ ಎರಡರಲ್ಲಿ ಒಂದು. ಒಂದೇ ಒಂದು ನಾಜಲ್ ತೊಟ್ಟಿಕ್ಕುತ್ತಿದ್ದರೆ ಅದರ ಸೋರುತಡೆ ಕವಾಟದ ರಬ್ಬರ್ ಬಿಲ್ಲೆ ಗಟ್ಟಿಯಾಗಿದೆ ಅಥವಾ ಕಸ ಸಿಕ್ಕಿದೆ. ಎಲ್ಲ ನಾಜಲ್‌ಗಳೂ ಕೆಲವು ಕ್ಷಣ ಸೋರಿ ನಿಂತರೆ ಬೂಮಿನ ಕೊನೆಗಳಲ್ಲಿ ಗಾಳಿ ಸಿಕ್ಕಿಕೊಂಡಿದೆ. ಒತ್ತಡದಲ್ಲಿ ಕುಗ್ಗಿದ ಆ ಗಾಳಿ ಕವಾಟ ಮುಚ್ಚಿದ ನಂತರ ಹಿಗ್ಗಿ ದ್ರವವನ್ನು ಹೊರದಬ್ಬುತ್ತದೆ. ಕೊನೆಯ ನಾಜಲ್‌ನ ಜಾಗದಿಂದ ಗಾಳಿ ಹೊರಹೋಗುವ ದಾರಿ ಮಾಡಬೇಕು ಮತ್ತು ಮುಖ್ಯ ಕವಾಟ ಮುಚ್ಚಿದಾಗ ಬೂಮಿನ ದ್ರವವನ್ನು ಹಿಂದಕ್ಕೆ ಎಳೆಯುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ನೋಡಬೇಕು. ಇದನ್ನು ಸಣ್ಣ ದೋಷವೆಂದು ತಳ್ಳಿಹಾಕಬಾರದು: ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಅರ್ಧ ಸೆಕೆಂಡಿನ ಸೋರಿಕೆ ಎಂದರೆ ಗಡಿಯಾಚೆ 30 ಮೀಟರ್, ಅಲ್ಲಿ ಬೇರೊಬ್ಬರ ಬೆಳೆ, ಕೆರೆ ಅಥವಾ ಜೇನುಪೆಟ್ಟಿಗೆ ಇರಬಹುದು.

ಯಂತ್ರ ಸರಿಯಿದ್ದೂ ಫಲ ಸಿಗದಾಗ

ಎಲ್ಲ ಪರೀಕ್ಷೆಗಳೂ ಸರಿಯಾಗಿ ಬಂದ ಮೇಲೆ ಉಳಿಯುವುದು ಹವಾಮಾನ. ನಿಶ್ಚಲ ಗಾಳಿಯಲ್ಲಿ 200 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹನಿ 3 ಮೀಟರ್ ಇಳಿಯಲು ಸುಮಾರು 4 ಸೆಕೆಂಡ್, 100 ಮೈಕ್ರಾನ್ ಹನಿ ಸುಮಾರು 11 ಸೆಕೆಂಡ್, 50 ಮೈಕ್ರಾನ್ ಹನಿ ಸುಮಾರು 40 ಸೆಕೆಂಡ್ ತೆಗೆದುಕೊಳ್ಳುತ್ತದೆ. ಕೆಳಗಾಳಿಯ ನೆರವಿಲ್ಲದೆ ಸೆಕೆಂಡಿಗೆ 2 ಮೀಟರ್ ಗಾಳಿಯಲ್ಲಿ ಆ 100 ಮೈಕ್ರಾನ್ ಹನಿ ಇಪ್ಪತ್ತು ಮೀಟರಿಗೂ ದೂರ ಹೋಗಿ ಬೀಳುತ್ತದೆ. ಒಣಹವೆಯಲ್ಲಿ ಹನಿ ದಾರಿಯಲ್ಲೇ ಆವಿಯಾಗಿ ಇನ್ನೂ ಸಣ್ಣಗಾಗುತ್ತದೆ. ಮಧ್ಯಾಹ್ನ ಸಿಂಪಡಿಸಿದ ಭಾಗದಲ್ಲಿ ಮಾತ್ರ ಫಲ ಕಡಿಮೆ ಕಂಡಿದ್ದರೆ ಬೇರೆ ಕಾರಣ ಹುಡುಕುವುದು ವ್ಯರ್ಥ.

ಗಾಳಿಯೇ ಇಲ್ಲದ ಮುಂಜಾವು ಅತ್ಯಂತ ಸುರಕ್ಷಿತವೆಂಬ ನಂಬಿಕೆ ಹೆಚ್ಚಿನ ಹಾನಿ ಮಾಡಿದೆ. ರಾತ್ರಿ ನೆಲ ತಣಿದಾಗ ತಂಪು ಗಾಳಿ ಕೆಳಗೆ, ಬೆಚ್ಚಗಿನ ಗಾಳಿ ಮೇಲೆ ಕೂರುತ್ತದೆ. ಆ ಪದರದೊಳಗೆ ಸಣ್ಣ ಹನಿಗಳು ಇಳಿಯದೆ, ಚದುರದೆ, ಮೋಡವಾಗಿ ನಿಂತು ತಗ್ಗಿನ ಕಡೆಗೆ ಹರಿದುಹೋಗುತ್ತವೆ. ಹೊಗೆ ಅಥವಾ ಧೂಳು ಮೇಲೇಳದೆ ನೆಲಕ್ಕೆ ಸಮಾನಾಂತರವಾಗಿ ಹಾಸಿಕೊಂಡರೆ ಸಿಂಪರಣೆಯನ್ನು ನಿಲ್ಲಿಸಬೇಕು. ಗಂಟೆಗೆ 3ರಿಂದ 15 ಕಿಲೋಮೀಟರ್ ನಡುವಿನ, ಸ್ಥಿರ ದಿಕ್ಕಿನ ಗಾಳಿ ನಿಶ್ಚಲತೆಗಿಂತ ಎಷ್ಟೋ ಮೇಲು.

ದುರಸ್ತಿಯನ್ನು ಖಚಿತಪಡಿಸಿಕೊಳ್ಳುವುದು

ಸರಿಪಡಿಸಿದ ಯಂತ್ರವನ್ನು ಔಷಧದೊಂದಿಗೆ ಹೊಲಕ್ಕೆ ಕಳಿಸುವ ಮೊದಲು ನೀರಿನಿಂದ ಒಮ್ಮೆ ಹಾರಿಸಿ, ನೀರು ತಾಗಿದಲ್ಲಿ ಹಳದಿಯಿಂದ ನೀಲಿಗೆ ತಿರುಗುವ ಪರೀಕ್ಷಾ ಕಾಗದದ ಮೇಲೆ ಫಲಿತಾಂಶ ನೋಡಬೇಕು. ಹಾರಾಟದ ದಿಕ್ಕಿಗೆ ಅಡ್ಡಲಾಗಿ, ಬೆಳೆಯ ಎತ್ತರದಲ್ಲಿ, ಡ್ರೋನಿಗೆ ಅರ್ಧ ಮೀಟರಿಗೊಂದು, ವಿಮಾನಕ್ಕೆ ಮೀಟರಿಗೊಂದು ಕಾಗದವನ್ನು ಸಿಂಪರಣೆಯ ಅಗಲದ ಎರಡರಷ್ಟು ಉದ್ದಕ್ಕೆ ಇಟ್ಟು, ಎದುರುಗಾಳಿಗೆ ನೇರವಾಗಿ ಹಾರಿಸಬೇಕು. ಕಾಗದವನ್ನು ಒಣ ಕೈಗವಸಿನಲ್ಲಿ ಮಾತ್ರ ಮುಟ್ಟಬೇಕು. ಬೆವರಿದ ಬೆರಳಿನ ಗುರುತೂ ನೀಲಿಯಾಗುತ್ತದೆ, ಇಬ್ಬನಿಯ ಹವೆಯಲ್ಲಿ ಇಡೀ ಕಾಗದವೇ ನೀಲಿಯಾಗುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ ಕೀಟನಾಶಕಕ್ಕೆ 20ರಿಂದ 30, ಎಲೆಯ ಮೇಲೆ ನೇರವಾಗಿ ತಾಗಿ ಕೆಲಸ ಮಾಡುವ ಕಳೆನಾಶಕಕ್ಕೆ 30ರಿಂದ 40, ಶಿಲೀಂಧ್ರನಾಶಕಕ್ಕೆ 50ರಿಂದ 70 ಹನಿ ಎಂಬುದು ವ್ಯಾಪಕವಾಗಿ ಬಳಸುವ ಅಳತೆಗೋಲು. ಕಲೆಯ ಗಾತ್ರ ಹನಿಯ ಗಾತ್ರವಲ್ಲ. ಹನಿ ಕಾಗದದ ಮೇಲೆ ಹರಡಿ ಸುಮಾರು ಎರಡರಷ್ಟಾಗುತ್ತದೆ.

ನಿಜವಾದ ಸಿಂಪರಣೆಯ ಅಗಲವನ್ನು ಈ ಕಾಗದಗಳಿಂದಲೇ ನಿರ್ಧರಿಸಬೇಕು. ಎರಡು ಬದಿಗಳಲ್ಲಿ ಔಷಧದ ಪ್ರಮಾಣ ನಡುಭಾಗದ ಅರ್ಧಕ್ಕೆ ಇಳಿಯುವ ಬಿಂದುಗಳ ನಡುವಿನ ದೂರವನ್ನು ಅಗಲವೆಂದು ಹಿಡಿದರೆ ಪಕ್ಕಪಕ್ಕದ ಸಾಲುಗಳ ತೆಳು ಅಂಚುಗಳು ಒಂದರ ಮೇಲೊಂದು ಬಿದ್ದು ಸಮನಾಗುತ್ತವೆ. ಕೈಪಿಡಿಯಲ್ಲಿ ಅಚ್ಚಾದ ಅಗಲ ಅನೇಕ ಬಾರಿ ಕೊನೆಯ ಹನಿ ಬಿದ್ದ ಜಾಗದವರೆಗಿನ ಅಳತೆಯಾಗಿರುವುದರಿಂದ, ಅದನ್ನೇ ಹೊಂದಿಸಿದವರ ಹೊಲದಲ್ಲಿ ಪಟ್ಟೆ ಬೀಳುವುದು ಸಹಜ.

ಪಟ್ಟೆ ಬಿದ್ದ ಹೊಲಕ್ಕೆ ಮತ್ತೆ ಇಡಿಯಾಗಿ ಔಷಧ ಹೊಡೆಯಬಾರದು. ಮೂರು ನಾಜಲ್‌ಗಳ ಕೆಳಗೆ ಈಗಾಗಲೇ ಹೆಚ್ಚು ಬಿದ್ದಿರುವ ಸಾಧ್ಯತೆಯನ್ನು ಮೇಲೆ ನೋಡಿದ್ದೇವೆ. ಅಲ್ಲಿ ಎರಡನೆಯ ಸಿಂಪರಣೆ ಚೀಟಿಯಲ್ಲಿ ಅನುಮತಿಸಿದ ಗರಿಷ್ಠ ಪ್ರಮಾಣವನ್ನು ಮೀರಿ ಬೆಳೆಯನ್ನು ಸುಡಬಹುದು, ಕೊಯ್ಲಿನ ಹೊತ್ತಿಗೆ ಶೇಷ ಉಳಿಯಬಹುದು. ಹಾರಾಟದ ದಾಖಲೆ ಮತ್ತು ಅಳೆದ ಪಟ್ಟೆಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ, ಕೊರತೆಯಾದ ಪಟ್ಟೆಗಳಿಗೆ ಮಾತ್ರ, ಔಷಧದ ಚೀಟಿ ಮರುಸಿಂಪರಣೆಗೆ ವಿಧಿಸಿದ ಅಂತರವನ್ನು ಪಾಲಿಸಿ, ಕಿರಿದಾದ ಅಗಲದ ಹೊಂದಾಣಿಕೆಯಲ್ಲಿ ಅಥವಾ ಬೆನ್ನಿನ ಪಂಪಿನಿಂದ ಸಿಂಪಡಿಸಬೇಕು. ಕಳೆ ಅಥವಾ ರೋಗ ಔಷಧಕ್ಕೆ ಮಣಿಯುವ ಹಂತವನ್ನು ದಾಟಿದ್ದರೆ ಅದೂ ಬೇಡ; ಆ ಪಟ್ಟೆಗಳನ್ನು ಕೈಯಿಂದ ನಿಭಾಯಿಸುವುದೇ ಉಳಿದಿರುವ ದಾರಿ.